ಮೊದಲು ನೀರು ಖಾಲಿ ಬರಲಿ

ಹನಿ ಅಳೆಯುವ ಪಿಪೆಟ್ ಒತ್ತಿ ಒತ್ತಿ ಅವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿಬಿಟ್ಟಿತ್ತು. ಊಹೆಯ ಮೇಲೆ ಉತ್ತರ ಕೊಟ್ಟವರಿಗೆ ಆ ಬೆರಳೇ ಬಾಗಿಲು ತೋರಿಸುತ್ತಿತ್ತು. ಹೊಸಪೇಟೆಯ ಕಾಲೇಜಿನಲ್ಲಿ ನಮಗೆ ಡಿಎನ್‌ಎ ಪರೀಕ್ಷೆ ಕಲಿಸಿದ ಮೇಡಂ ಅವರು.

ಕಂಪ್ಲಿಯಲ್ಲಿ ನನ್ನ ಅತ್ತೆಯ ಬಾಳೆ ತೋಟಕ್ಕೆ ರೋಗ ಬಿತ್ತು. ಎಲೆಗಳು ಕುಗ್ಗಿ ತುದಿಯಲ್ಲಿ ಗೊಂಚಲಾದವು, ಗೊನೆಯೇ ಬರಲಿಲ್ಲ. ಸಸಿ ಮಾರಿದ ನರ್ಸರಿ ಧಣಿ ಊರವರ ಎದುರೇ, "ನಿನಗ ನೀರು ಹಾಯಿಸಾಕ ಬರಂಗಿಲ್ಲವ್ವ" ಅಂದ. ರೋಗ ಸಸಿಯಲ್ಲೇ ಬಂದದ್ದೆಂದು ತೋರಿಸಲು ಅವನ ನರ್ಸರಿಯ ಎಲೆಗಳನ್ನೇ ಕಿತ್ತು ತಂದು ಲ್ಯಾಬಿಗೆ ಹೋದೆ.

ಎಲೆಯಲ್ಲಿ ವೈರಸ್ ಇದ್ದರೆ ಪಿಸಿಆರ್ ಯಂತ್ರ ಅದರ ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುತ್ತದೆ. ಆಮೇಲೆ ಲೋಳೆಯಂಥ ಜೆಲ್‌ನಲ್ಲಿ ವಿದ್ಯುತ್ತಿನಿಂದ ಓಡಿಸಿದರೆ ಅದು ಪಟ್ಟಿಯಾಗಿ ಹೊಳೆಯುತ್ತದೆ. ಮೇಡಂ ಲ್ಯಾಬಿನ ಪದ್ಧತಿಯಲ್ಲಿ ಮೊದಲ ಸಾಲು ಬರೀ ನೀರಿಗೆ ಮೀಸಲು. ಅಲ್ಲಿ ಏನೂ ಹೊಳೆಯಬಾರದು.

ಎಲ್ಲ ಸಾಲುಗಳೂ ಹೊಳೆದವು. "ಸಿಕ್ಕಬಿದ್ದ ಮಗ!" ಎಂದು ಕುಣಿದೆ. ಮೇಡಂ ನೀರಿನ ಸಾಲು ತೋರಿಸಿದರು. ಅದೂ ಹೊಳೆಯುತ್ತಿತ್ತು. ಹಳೆಯ ನಕಲುಗಳ ಟ್ಯೂಬ್ ತೆರೆದಿದ್ದ ಮೇಜಿನ ಮೇಲೇ ನಾನು ಹೊಸ ಪರೀಕ್ಷೆ ಹಚ್ಚಿದ್ದರಿಂದ ಎಲ್ಲವೂ ಬೆರೆತಿತ್ತು.

"ರೋಗ ಕಣ್ಣಿಗೇ ಕಾಣ್ತೈತಲ್ರಿ, ಮೇಡಂ!"

"ಕಂಡ್ರ ಲ್ಯಾಬ್ ಯಾಕ ಬೇಕಲೇ? ಚರ್ಚಾಸ್ಪರ್ಧೆದಾಗ ಕಪ್ ಗೆದ್ದಿ ಅಂತ ನೀರು ನಿನಗ ಹೆದರತೈತೇನು? ಸೇಡು ತೀರಿಸ್ಕೋಬೇಕಂದ್ರ ಮೊದ್ಲು ನೀರು ಖಾಲಿ ಬರ್ಲಿ."

ಜೆಲ್ ಕಸಕ್ಕೆ ಹೋಯಿತು. ಬೇರೆ ಕೋಣೆಯಲ್ಲಿ, ಹೊಸ ಎಲೆಗಳಿಂದ ಮತ್ತೆ ಮಾಡಿದೆವು. ಈ ಸಲ ನೀರಿನ ಸಾಲು ಕಪ್ಪಗೇ ಉಳಿಯಿತು. ಧಣಿಯ ಎಲೆ ಮಾತ್ರ ಹೊಳೆಯಿತು. ಆ ಜೆಲ್ಲಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ, ಕಂಪ್ಲಿಯಲ್ಲಿ ಅವನ ಸಸಿ ಕೇಳುವವರೇ ಇಲ್ಲದಂತಾಯಿತು.

ಧಣಿ ಲ್ಯಾಬಿಗೇ ಬಂದ. "ಮಷೀನು ತಪ್ಪು ತೋರಿಸೈತಿ ಅಂತ ಬರ್ದುಕೊಡ್ರಿ, ಮೇಡಂ."

"ಮಷೀನಿಗೆ ನಿಮ್ಮ ಪರಿಚಯ ಇಲ್ರಿ."

ಅವನು ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ. ಲ್ಯಾಬಿನ ಬೀಗದ ಕೈ ಮೇಡಂ ಕೈತಪ್ಪಿತು. ನಿವೃತ್ತಿಯವರೆಗೂ ಅವರಿಗೆ ಪಿಪೆಟ್ ಮುಟ್ಟಲು ಬಿಡಲಿಲ್ಲ. ಕ್ಷಮೆ ದೊಡ್ಡ ಗುಣ ಅನ್ನುತ್ತಾರೆ. ಯಾರಿಗೆ ಲಾಭ ಅಂತ ಮೊದಲು ಹೇಳಲಿ, ಆಮೇಲೆ ವಾದಿಸೋಣ.

ಹೋದ ವರ್ಷ ಮೇಡಂ ತೀರಿಕೊಂಡರು. ಸಂತಾಪ ಸಭೆಗೆ ಧಣಿ ಸುಗಂಧರಾಜದ ಹಾರ ಹಿಡಿದು ಬಂದ. ನಾನು ಮೇಡಂ ಫೋಟೋಗೆ ಅಡ್ಡ ನಿಂತೆ.

"ಧಣಿ, ಅವತ್ತು ಮೇಡಂ ಹೇಳಿದ್ದು ಸುಳ್ಳೋ, ನೀವು ಹೇಳಿದ್ದೋ?"

"ಸತ್ತೋರ ಮುಂದ ಜಗಳ ಬ್ಯಾಡಪ್ಪ."

"ಬದುಕಿದ್ದಾಗ ನೀವು ಮಾಡಿದ್ದೇನು? ಒಂದು ಮಾತಿನ್ಯಾಗ ಹೇಳ್ರಿ, ಹಾರ ನಾನೇ ಹಾಕ್ತೀನಿ."

ಸಭೆ ಕಾಯಿತು. ಅವನು ಹಾರವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ. ನಾನದನ್ನು ಗೇಟಿನಾಚೆಯ ಮೇಕೆಗೆ ಹಾಕಿದೆ. ದಾರವೊಂದನ್ನು ಬಿಟ್ಟು ಎಲ್ಲವನ್ನೂ ತಿಂದಿತು.