ವಾರ್ದುಹಿ ಹೊದ್ದ ಮದುವೆ ರಜಾಯಿ

ಆರ್ಮೇನಿಯಾದ ಗ್ಯುಮ್ರಿಯ ನಮ್ಮ ಪೇಟೆಯಿಂದ ಟರ್ಕಿಯ ಕಾರ್ಸ್ ಊರು ಎಷ್ಟು ಹತ್ತಿರವೆಂದರೆ, ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಮುಟ್ಟಬಹುದು. ಆದರೆ ಎರಡೂ ಸರ್ಕಾರಗಳು ಮುನಿಸಿಕೊಂಡ ಬೀಗರ ಹಾಗೆ ಮುಖ ತಿರುಗಿಸಿ ಕೂತು ಮೂವತ್ತು ವರ್ಷವಾಯಿತು, ಗಡಿಗೆ ಬೀಗ ಬಿದ್ದಿದೆ. ಹಾಗಾಗಿ ವಾರ್ದುಹಿ ಮತ್ತು ನಾನು ಜಾರ್ಜಿಯಾ ಸುತ್ತಿ, ಇಡೀ ದಿನ ಬಸ್ಸಿನಲ್ಲಿ ಕುಲುಕಾಡಿ ಹೋಗಿ ಬಟ್ಟೆ, ಉಣ್ಣೆ ತಂದು ಮಾರುತ್ತಿದ್ದೆವು. ನಮ್ಮ ಕಡೆಯ ಸರಕು ಅತ್ತ ಹೋಗಬೇಕಾದರೆ ಅದಕ್ಕೆ ಜಾರ್ಜಿಯಾದ್ದೆಂದು ಚೀಟಿ ಹೊಲಿಯಬೇಕು. ಎಲ್ಲರೂ ಹೊಲಿಯುತ್ತಾರೆ, ವಾರ್ದುಹಿಯೂ ರಾಶಿ ರಾಶಿ ಹೊಲಿದವಳೇ.

ಕಾರ್ಸ್‌ನಲ್ಲಿ ಉಣ್ಣೆ ಮಾರುವ ನೆಜಾಹತ್ ಅವಳ ಜೀವದ ಗೆಳತಿ. ಆಕೆಯ ಮಗಳು ಸೆವ್ಗಿಯ ಮದುವೆಗೆ ರಜಾಯಿ ನನ್ನದೇ ಎಂದು ವಾರ್ದುಹಿ ಮಾತು ಕೊಟ್ಟಿದ್ದಳು. ಅಲ್ಲಿಯ ಉಣ್ಣೆಯನ್ನೇ ತಂದು, ತೊಳೆದು, ಕೋಲಿನಿಂದ ಬಡಿದು, ಕೆಂಪು ಸ್ಯಾಟಿನ್ನಿಗೆ ತುಂಬಿ ಹೊಲಿದಳು. ಚೀಟಿ ಮಾತ್ರ ಹಚ್ಚಲಿಲ್ಲ.

"ಮದುವೆ ಹಾಸಿಗೆಗೂ ಸುಳ್ಳು ಹೊಲೀಲೇನೇ?" ಎಂದಳು. ಹಟಮಾರಿ. ಅದಕ್ಕೇ ನನಗವಳು ಇಷ್ಟ.

ಟರ್ಕಿಯ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದೆವು.

"ಅಕ್ಕಾ, ಇದು ಹೊಸದು, ಮಾರೋ ಸರಕು. ನಿಮ್ಮ ದೇಶದ್ದು ಬಿಡೋ ಹಾಗಿಲ್ಲ. ನೀವೇ ಹೊದ್ಕೊಳ್ಳೋದಾದ್ರೆ ಆ ಮಾತು ಬೇರೆ," ಎಂದ ಸುಂಕದವನು.

"ನಾನೇ ಹೊದ್ಕೊಳ್ಳೋದು ಕಣಪ್ಪಾ."

ನಡುಮಧ್ಯಾಹ್ನ, ಅಷ್ಟು ಜನರ ಮುಂದೆ, ಬೂಟು ಕಳಚಿ ಬೆಂಚಿನ ಮೇಲೆ ಮಲಗಿ ಕತ್ತಿನವರೆಗೆ ರಜಾಯಿ ಎಳೆದುಕೊಂಡಳು. ಮದುಮಕ್ಕಳ ಹೊದಿಕೆಯನ್ನು ಅವರಿಗಿಂತ ಮೊದಲು ಯಾರೂ ಹೊದೆಯುವಂತಿಲ್ಲ, ಗಂಡ ಸತ್ತವಳಂತೂ ಬೇಡವೇ ಬೇಡ. ವಾರ್ದುಹಿಯ ಗಂಡ ಹೋಗಿ ಎಷ್ಟೋ ಕಾಲವಾಗಿತ್ತು.

ನಾಟಕಕ್ಕೆಂದು ಮಲಗಿದವಳಿಗೆ ಬಸ್ಸಿನ ದಣಿವಿಗೆ ನಿಜವಾಗಿಯೂ ನಿದ್ದೆ ಹತ್ತಿತು. ಗೊರಕೆ ಕೇಳಿ ಸುಂಕದವನೇ ನಕ್ಕುಬಿಟ್ಟ.

"ಎಬ್ಸಮ್ಮಾ ಅವ್ರನ್ನ, ಬಸ್ ಹೋಗುತ್ತೆ."

ಗಡಿ ದಾಟಿದ ಮೇಲೆ ಅವಳು ಅಳತೊಡಗಿದಳು. "ಆ ಮಗು ಮದುವೆ ಹಾಸಿಗೇನ ಕೆಡಿಸಿಬಿಟ್ನಲ್ಲೇ," ಎಂದು ದಾರಿಯುದ್ದಕ್ಕೂ ಅದೇ ಮಾತು. ಮುಚ್ಚಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೆ. ಕೇಳಲಿಲ್ಲ.

ನೆಜಾಹತ್ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ವಾರ್ದುಹಿ ಬಾಗಿಲಲ್ಲೇ ನಿಂತು ನಡೆದದ್ದೆಲ್ಲ ಹೇಳಿದಳು. "ಇದನ್ನ ಒಳಗೆ ತಗೋಬೇಡ, ಬೇರೆ ತರಿಸು," ಎಂದಳು. ನೆಜಾಹತ್ ಬಾಯಿ ತೆರೆಯುವ ಮೊದಲೇ ಸೆವ್ಗಿ ಮುಂದೆ ಬಂದಳು.

"ಚಿಕ್ಕಮ್ಮಾ, ಚೆನ್ನಾಗಿ ನಿದ್ದೆ ಬಂತಾ?"

"ಬಂತು ಕಣೇ. ಗೊರಕೆ ಬೇರೆ ಹೊಡೆದ್ನಂತೆ."

"ಹಾಗಾದ್ರೆ ನಂಗೂ ಬರುತ್ತೆ ಬಿಡಿ," ಎಂದ ಹುಡುಗಿ ರಜಾಯಿಯನ್ನು ಎದೆಗವಚಿಕೊಂಡು, ನೆಂಟರ ನಡುವೆಯೇ ಹಾದುಹೋಗಿ, ತನ್ನ ಮಂಚದ ಮೇಲೆ ತಾನೇ ಹರಡಿದಳು.