ಬರೆಯದೆ ಬಿಟ್ಟ ಅನ್ನ

ಹುಬ್ಬಳ್ಳಿಯ ಡಾಕ್ಟರ ತೂಕದ ಯಂತ್ರದ ಮುಳ್ಳು ಕೊನೆಯ ಅಂಕಿಗೆ ಬಡಿದು ನಿಂತುಬಿಟ್ಟಿತು. ಹಾಗಾಗಿ ನನ್ನನ್ನು ತೂಗಿದ್ದು ಹಳಿಯಾಳದ ಭತ್ತದ ಅಂಗಡಿಯಲ್ಲಿ, ಚೀಲ ತೂಗುವ ಕಾಟಾದ ಮೇಲೆ. ಅಂಗಡಿಯವರು ನನ್ನ ತವರೂರು ತೇರಗಾಂವದ ಕಡೆಯವರು. ನನ್ನ ಮರ್ಯಾದೆಗೆಂದು ಹಮಾಲರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ನಾನು ಕಾಟಾ ಹತ್ತಿದೆ, ಗಂಡ ಆಚೆ ತಟ್ಟೆಗೆ ತೂಕದ ಕಲ್ಲು ಏರಿಸುತ್ತ ಹೋದರು. ಅವರು ಮತ್ತೂ ಒಂದು ಕಲ್ಲು ಎತ್ತಿಕೊಂಡಾಗ ನಾನು ಕಣ್ಣು ಮುಚ್ಚಿದೆ. ನೂರಾ ನಲವತ್ತೆರಡು ಕಿಲೊ. ನನಗಾಗ ಮೂವತ್ತಮೂರು ವರ್ಷ.

ದಪ್ಪಗಿನವರು ನಗುನಗುತ್ತ ಇರುತ್ತಾರೆ ಎಂದು ಜನ ತಿಳಿದಿರುತ್ತಾರೆ. ಯಾವ ಪುಣ್ಯಾತ್ಮ ಅದನ್ನು ಹುಟ್ಟಿಸಿದನೋ. ಅಂಬೇವಾಡಿಯ ನಮ್ಮ ಮನೆಯ ಪಾಯಖಾನೆಯಲ್ಲಿ ಕುಳಿತರೆ ಏಳಲಾಗದೆ ಗೋಡೆ ಹಿಡಿದು ಮಗಳನ್ನು ಕೂಗುತ್ತಿದ್ದೆ. ತಂಗಿಯ ಮದುವೆಗೆ ಮುಂಡಗೋಡಕ್ಕೆ ಹೋದಾಗ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡು ಹಿಂದಿನಿಂದ ತಳ್ಳಿಸಿಕೊಂಡೆ. ಆಮೇಲೆ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು.

ಹೀಗೇ ಬಿಟ್ಟರೆ ನಲವತ್ತು ಕಾಣುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದರು. ಮುಂಬಯಿಯಲ್ಲಿ ಒಬ್ಬ ಸರ್ಜನ್ ಹೊಟ್ಟೆ ಕೊಯ್ದು ಜಠರವನ್ನು ಹಿಡಿಯಷ್ಟು ಮಾಡಿ ಹೊಲಿಯುತ್ತಾರಂತೆ. ಟೇಬಲ್ಲಿನಿಂದ ಏಳದೆ ಹೋದವರೂ ಉಂಟಂತೆ. ಅದಕ್ಕೂ ಮೊದಲು ಮೂರು ತಿಂಗಳು ಪಥ್ಯ ಮಾಡಿ, ಉಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಬೇಕು.

ಬರೆದೆ. ಬೆಳಿಗ್ಗೆ ಒಂದು ರೊಟ್ಟಿ, ಮಧ್ಯಾಹ್ನ ಒಂದು, ಸಂಜೆ ಮಜ್ಜಿಗೆ. ಹಬ್ಬದ ದಿನ ತಿಂದ ಅರ್ಧ ಹೋಳಿಗೆಯನ್ನೂ ಮುಚ್ಚಿಡಲಿಲ್ಲ. ತೂಕ ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಡಾಕ್ಟರು ಪುಟ ತಿರುವಿ ನೋಡಿ, ಇನ್ನು ಪಥ್ಯದಿಂದ ಆಗುವಂಥದ್ದಲ್ಲ ಎಂದು ಮುಂಬಯಿಗೆ ಪತ್ರ ಬರೆದು ಸಹಿ ಹಾಕಿದರು. ಆಪರೇಶನ್ ಆದಮೇಲೆ ಒಂದು ಹಿಡಿಗಿಂತ ಹೆಚ್ಚು ಉಂಡರೆ ಹೊಲಿಗೆ ಬಿಚ್ಚೀತು ಎಂದು ಎಚ್ಚರಿಸಿದರು.

"ಹಂಗಾದ್ರ ಪ್ರಸಾದ ಹೆಂಗ ತಗೋಬೇಕ್ರಿ?" ಎಂದು ಕೇಳಿದೆ.

"ಯಾವ ಪ್ರಸಾದ?"

ಹೇಳಿದೆ. ನಮ್ಮ ಮನೆಯಲ್ಲಿ ಲಿಂಗಕ್ಕೆ ತೋರಿಸಿದ ಮೇಲೆಯೇ ಅನ್ನ ಬಡಿಸುವುದು. ಆಮೇಲೆ ಅದರಲ್ಲಿ ಒಂದು ಅಗಳೂ ಚೆಲ್ಲುವಂತಿಲ್ಲ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಪಾಳಿ ಮುಗಿಸಿ ಬಂದ ಗಂಡನ ಡಬ್ಬಿಯಲ್ಲಿ ಉಳಿದದ್ದು, ಪಾತ್ರೆಯ ತಳದ್ದು, ಎಲ್ಲ ನನ್ನ ಪಾಲು. ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿಯುತ್ತೇನೆ. ಮದುವೆಯಾಗಿ ಬಂದ ದಿನವೇ ಅತ್ತೆ ಕಲಿಸಿದ್ದು.

"ದಿನಕ್ಕ ಎಷ್ಟ ಆಗತೈತಿ?" ಎಂದರು ಡಾಕ್ಟರು.

ಎರಡೂ ಕೈ ಜೋಡಿಸಿ ಬೊಗಸೆ ತೋರಿಸಿದೆ. ಸ್ವಲ್ಪ ತಡೆದು, ಇನ್ನೊಂದು ಸಲ ತೋರಿಸಿದೆ.

"ಇದನ್ನ ಯಾಕ ಬರದಿಲ್ರಿ?"

"ಅದು ಊಟ ಅಲ್ರೀ."

ನಾನು ಸುಳ್ಳು ಹೇಳಿರಲಿಲ್ಲ. ಪ್ರಸಾದವೂ ಊಟವೇ ಎಂದು ನನಗೆ ಹೊಳೆದೇ ಇರಲಿಲ್ಲ. ಡಾಕ್ಟರು ನಗಲಿಲ್ಲ. ನಕ್ಕಿದ್ದರೆ ನಾಲ್ಕು ಮಾತು ಬಯ್ದು ಎದ್ದು ಬರುತ್ತಿದ್ದೆ. "ಆರು ತಿಂಗಳ ಇದನ್ನ ಬಿಟ್ಟ ನೋಡ್ರಿ. ಪತ್ರ ನಿಮ್ಮ ಕಡೇನ ಇರ್ಲಿ. ಹೋಗೂದೋ ಬಿಡೂದೋ ನೀವ ವಿಚಾರ ಮಾಡ್ರಿ" ಎಂದರು.

ಮರುದಿನ ಮಧ್ಯಾಹ್ನ ಮಗ ಅರ್ಧ ಅನ್ನ ಬಿಟ್ಟು ಎದ್ದ. ನಾನು ಸೆರಗಿನೊಳಗೆ ಕೈ ಸುತ್ತಿಕೊಂಡು ಕೂತೆ. ತಟ್ಟೆಯ ಮೇಲೆ ನೊಣ ಕೂತಿತು. ಚೆಲ್ಲಿ ಬರೋಣವೆಂದು ಹಿತ್ತಲ ಬಾಗಿಲತನಕ ಒಯ್ದೆ. ಆಗಲಿಲ್ಲ. ಅಲ್ಲೇ ನಿಂತು ಅಳುತ್ತ ಉಂಡೆ. ಅತ್ತೆ ಅಂಜಿಸಿದ್ದರು ಎಂದಲ್ಲ, ನನಗೇ ಪಾಪದ ಹೆದರಿಕೆ. ಹೊಟ್ಟೆ ಕೊಯ್ಸಿಕೊಳ್ಳಲು ಒಪ್ಪಿದವಳಿಗೆ ಒಂದು ತಟ್ಟೆ ಅನ್ನ ಚೆಲ್ಲಲು ಧೈರ್ಯವಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಬಂತು.

ಸಂಜೆ ಅತ್ತೆಯ ಮುಂದೆ ಕೂತು ಎಲ್ಲ ಹೇಳಿದೆ. ಡಾಕ್ಟರು ಅಂದದ್ದು, ಮುಂಬಯಿಯಲ್ಲಿ ಸತ್ತೂ ಹೋಗಬಹುದು ಎನ್ನುವುದು, ಯಾವುದನ್ನೂ ಬಿಡಲಿಲ್ಲ.

"ನೀವು ಒಂದ ಮಾತು ಬಿಡು ಅನ್ರಿ, ಬಿಡ್ತೇನಿ. ನಿಮ್ಮ ಬಾಯಿಂದ ಬಂದ್ರ ನನಗ ಪಾಪ ಅನಸೂದಿಲ್ಲ."

ಅವರು ಕೆಟ್ಟ ಹೆಂಗಸಲ್ಲ. ನನ್ನ ಎರಡನೆಯ ಬಾಣಂತನವನ್ನು ಹೆತ್ತ ತಾಯಿಗಿಂತ ಹೆಚ್ಚಾಗಿ ಮಾಡಿದವರು. ನನ್ನ ಬಾತ ಮೊಣಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಬಹಳ ಹೊತ್ತು ನೀವಿದರು. ಅವರ ಕಣ್ಣು ತುಂಬಿ ಬಂದಿತ್ತು.

"ಬೇಕಾದ್ದ ಕೇಳವಾ. ಅದೊಂದ ಮಾತ ನನ್ನ ಬಾಯಿಂದ ಬರೂದಿಲ್ಲ" ಎಂದರು.

ಹೊಟ್ಟೆಯೇ ಹಿಡಿಯಷ್ಟಾದರೆ ಬಿಡು ಎಂದು ಯಾರೂ ಹೇಳಬೇಕಾಗಿಲ್ಲ. ಮುಂಬಯಿಗೆ ಕಾಗದ ಬರೆದು ಆಪರೇಶನ್ನಿನ ದಿನ ಕೇಳಿರಿ ಎಂದು ಗಂಡನಿಗೆ ಹೇಳಿದೆ.