ಹಳಿಯ ನೆತ್ತಿಗೆ ಹತ್ತಿದ ಗ್ರೀಸ್

ಕೆಂಗೇರಿ ದಾಟಿದ ಏರಿನ ತಿರುವಿನಲ್ಲಿ ಗೂಡ್ಸ್ ರೈಲು ನಿಂತುಹೋದದ್ದು ಡ್ರೈವರ್ ಮುನಿಸ್ವಾಮಿಯವರ ಅಜಾಗರೂಕತೆಯಿಂದ ಎಂದು ನಮ್ಮ ವಿಭಾಗದವರು ಇವತ್ತಿಗೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೇಳುವವರು ಅಲ್ಲಿರಲಿಲ್ಲ, ನಾನಿದ್ದೆ.

ಎಪ್ಪತ್ತರ ದಶಕದ ಮಧ್ಯಭಾಗ. ಕಾಲೇಜಿನ ಚರ್ಚಾಸ್ಪರ್ಧೆಗಳ ಬಿಸಿ ಆರುವ ಮೊದಲೇ ಹಳಿ ನಿರ್ವಹಣೆಗೆ ಅಪ್ರೆಂಟಿಸ್ ಆಗಿ ಸೇರಿದ್ದೆ. ವಿಜಯನಗರದ ಬಾಡಿಗೆ ಕೋಣೆಯಿಂದ ಕೆಂಗೇರಿಗೆ ಸೈಕಲ್ಲು. ಮೇಲಧಿಕಾರಿ, ಇನ್‌ಸ್ಪೆಕ್ಟರ್ ನಂಜಪ್ಪನವರು.

ಚಕ್ರ ಹಳಿಯನ್ನು ಮುಟ್ಟುವ ಜಾಗ ಹೆಬ್ಬೆರಳಿನ ಉಗುರಿನಷ್ಟು. ಇಡೀ ರೈಲನ್ನು ಎಳೆಯುವ ಹಿಡಿತವೆಲ್ಲ ಅಲ್ಲೇ. ಹಾಗಾಗಿ ಹಳಿಯ ನೆತ್ತಿ ಒಣಗಿರಬೇಕು. ತಿರುವಿನಲ್ಲಿ ಮಾತ್ರ ಚಕ್ರದ ಅಂಚು ಹಳಿಯ ಒಳಮೈಗೆ ಉಜ್ಜಿ ಸವೆಸುತ್ತದೆ. ಆ ಪಕ್ಕಕ್ಕೆ ತೆಳುವಾಗಿ ಗ್ರೀಸ್ ಹಚ್ಚುತ್ತೇವೆ.

ತೆಳುವಾಗಿ, ಎಂದೆ. ಆದರೆ ದೊಡ್ಡ ಸಾಹೇಬರ ತಪಾಸಣೆ ಬಂತೆಂದರೆ ಮದುವೆಮನೆಯ ಸಡಗರ: ಜಲ್ಲಿಯ ಅಂಚಿಗೆ ಸುಣ್ಣ, ಹಳಿಗೆ ಧಾರಾಳ ಗ್ರೀಸ್.

"ಸಾರ್, ಇಷ್ಟೊಂದು ಬಳಿದ್ರೆ ಚಕ್ರ ಅದನ್ನ ನೆತ್ತಿಗೆ ಎಳ್ಕೊಳತ್ತೆ," ಎಂದೆ ನಂಜಪ್ಪನವರಿಗೆ.

"ಲೇ ಡಿಬೇಟು, ಸಾಹೇಬ್ರ ಕಣ್ಣಿಗೆ ಫಳಫಳ ಅನ್ಬೇಕು ಕಣಯ್ಯ. ಭಾಷಣ ಬಿಟ್ಟು ಬ್ರಷ್ ಹಿಡಿ."

ಹಳಿ ಕೆಲಸದ ಗ್ಯಾಂಗಿನವರು ನಕ್ಕರು. ಸಾಹೇಬರು ಟ್ರಾಲಿಯಲ್ಲಿ ಬಂದು, ಮೆಚ್ಚಿ ಹೋದರು.

ಮರುದಿನ ಬೆಳಿಗ್ಗೆ ಮುನಿಸ್ವಾಮಿಯವರ ಇಂಜಿನ್ ಅದೇ ತಿರುವಿನಲ್ಲಿ ಗಿರಗಿರ ಚಕ್ರ ತಿರುಗಿಸುತ್ತ ನಿಂತಲ್ಲೇ ನಿಂತಿತು. ಹಿಂದೆ ಪ್ಯಾಸೆಂಜರ್ ಗಾಡಿ ಕಾಯುತ್ತಿತ್ತು. ಹಿಡಿತ ತಪ್ಪಿದಾಗ ಚಕ್ರದ ಮುಂದೆ ಮರಳು ಉದುರಿಸುವುದು ಡ್ರೈವರರ ಕರ್ತವ್ಯ. ಉದುರಿಸಿದ್ದರು. ನೆತ್ತಿಯ ಮೇಲೆ ಗ್ರೀಸೂ ಮರಳೂ ಕಲಸಿಕೊಂಡದ್ದನ್ನು ನಾನೇ ಬೆರಳಿನಿಂದ ತೆಗೆದು ನೋಡಿದೆ.

"ನೋಡ್ಕೊಂಡ್ರಲ್ಲ ಸಾರ್? ನಾಳೆ ಕೇಳಿದ್ರೆ ನೀವೇ ಹೇಳ್ಬೇಕು," ಎಂದರು ಮುನಿಸ್ವಾಮಿ.

ಅಷ್ಟರಲ್ಲಿ ನಂಜಪ್ಪನವರು ಬಂದು, ಲೈನ್ ಬಿಡಿಸುವ ನೆಪದಲ್ಲಿ ಸೀಮೆಎಣ್ಣೆ ಬಟ್ಟೆಯಿಂದ ಇಡೀ ತಿರುವನ್ನು ಒರೆಸಿಸಿದರು.

ವಿಚಾರಣೆಯಲ್ಲಿ ನಾನು ಹೇಳಿದೆ; ವಾದಿಸಿದೆ. "ಪುರಾವೆ ಎಲ್ರೀ?" ಎಂದರು ವಿಚಾರಣೆಗೆ ಕೂತ ಅಧಿಕಾರಿಗಳು. ಹಳಿ ಚೊಕ್ಕಟವಾಗಿತ್ತು. ಮೊದಲಿನಿಂದಲೂ ಚೊಕ್ಕಟವಾಗಿಯೇ ಇತ್ತೆಂದು ನಂಜಪ್ಪನವರೂ ಬರೆದುಕೊಟ್ಟರು. ಗ್ಯಾಂಗಿನವರು ತುಟಿ ಬಿಚ್ಚಲಿಲ್ಲ. ಸಕಾಲಕ್ಕೆ ಮರಳು ಉದುರಿಸಲಿಲ್ಲವೆಂದು ಮುನಿಸ್ವಾಮಿಯವರಿಗೆ ಇಂಜಿನ್ ತಪ್ಪಿತು. ನಿವೃತ್ತಿಯವರೆಗೂ ಶೆಡ್ಡಿನಲ್ಲಿ ಬೂದಿ ಎತ್ತಿಸುವ ಕೆಲಸ.

ಹಳಿ ಹೇಗಿದೆಯೆಂದು ಚಕ್ರವನ್ನು ಕೇಳಬೇಕು, ಸಾಹೇಬರನ್ನಲ್ಲ. ಈ ನೌಕರಿ ನನಗೆ ಕಲಿಸಿದ್ದು ಇಷ್ಟೇ. ಇದನ್ನು ಎಲ್ಲಿ ಹೇಳಿದರೂ ತಲೆಯಾಡಿಸಿ ಮತ್ತೆ ಬ್ರಷ್ ಹಿಡಿಯುತ್ತಾರೆ.

ಮೊನ್ನೆ ತಮ್ಮ ರಾಜಾಜಿನಗರದ ಮನೆಯಲ್ಲಿ ನಂಜಪ್ಪನವರು ಕಾಫಿ ಕೊಟ್ಟು, "ಇನ್ನೂ ವಾದ ಮಾಡ್ತೀಯೇನಯ್ಯ?" ಎಂದು ನಕ್ಕರು. ಕೇಳಿಯೇಬಿಟ್ಟೆ:

"ಹಳಿ ಚೊಕ್ಕಟವಾಗಿತ್ತು ಅಂತ ಬರ್ಕೊಟ್ರಲ್ಲ ಸಾರ್, ಹಾಗಾದ್ರೆ ಅವತ್ತು ಸೀಮೆಎಣ್ಣೆ ಹಾಕಿ ಒರೆಸಿಸಿದ್ದು ಏನನ್ನ?"